ಅಡ್ರಿನಲ್‌ನಲ್ಲಿ ಗಡ್ಡೆ ಅಂದರೆ ಕ್ಯಾನ್ಸರಾ? ಹಾರ್ಮೋನು ಗ್ರಂಥಿಗಳ ಗಡ್ಡೆಗಳಲ್ಲಿ ಎಷ್ಟು ಬಗೆ?

ನಿಮ್ಮ ತಂದೆಗೆ ಕಿಡ್ನಿ ಕಲ್ಲಿಗೆಂದು ಸಿ.ಟಿ. ಮಾಡಿಸಿದಾಗ ಕಿಡ್ನಿಯ ಮೇಲೆ ಕೂರುವ ಅಡ್ರಿನಲ್ ಗ್ರಂಥಿಯಲ್ಲಿ 2.5 ಸೆಂ.ಮೀ. ಗಡ್ಡೆ ಕಂಡಿತು, ‘ಎಂಡೋಕ್ರೈನ್ ಟ್ಯೂಮರ್’ (ಹಾರ್ಮೋನು ಗ್ರಂಥಿಯ ಗಡ್ಡೆ) ಅಂದರು, ಇದು ಕ್ಯಾನ್ಸರಾ, ಇಂಥವು ಎಷ್ಟು ಬಗೆ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ನಮ್ಮಮ್ಮನಿಗೆ ಇದೇ ಕುಲದ ಗಡ್ಡೆ ಇತ್ತು, ಅದರ ಹಿಂದೆ ಎರಡು ವರ್ಷ ಬೆಂಗಳೂರಿನ ಆಸ್ಪತ್ರೆಗಳನ್ನು ಸುತ್ತಿದ್ದೇನೆ. ಅಷ್ಟೇ ನನ್ನ ಯೋಗ್ಯತೆ.

ಹನುಮಂತನಗರದ ನಮ್ಮ ಮನೆ ಮುಂದೆ ಒಂದು ಬೆಳಿಗ್ಗೆ ಅಮ್ಮ ರಂಗೋಲಿಗೆ ಚುಕ್ಕಿ ಇಟ್ಟು ಮುಗಿಸಿ, ಎಳೆ ಸೇರಿಸಲಾರದೆ ಕೂತುಬಿಟ್ಟಳು. ಬೆರಳ ಸಂದಿಯಿಂದ ಪುಡಿ ಸುರಿಯುತ್ತಿದೆ, ಮೈಯೆಲ್ಲ ಬೆವರು. ‘ಏನಾಯ್ತಮ್ಮ?’ ಅಂದರೆ ‘ಯಾರಪ್ಪ ನೀನು?’ ಅಂದಳು. ನನ್ನ ಹೆಂಡತಿ ಸಕ್ಕರೆ ಹಾಕಿದ ಕಾಫಿ ಕುಡಿಸಿದ ಹತ್ತು ಹದಿನೈದು ನಿಮಿಷಕ್ಕೆ ಏನೂ ಆಗದವಳ ಹಾಗೆ ಎದ್ದು ಉಳಿದ ಎಳೆ ಎಳೆದಳು. ಆಮೇಲೆ ಪ್ರತಿ ಏಕಾದಶಿಗೂ ಇದೇ ಕಥೆ. ಒಂದು ಆಸ್ಪತ್ರೆಯಲ್ಲಿ ಫಿಟ್ಸ್ ಅಂದು ವರ್ಷವಿಡೀ ಮಾತ್ರೆ ನುಂಗಿಸಿದರು. ನೆಂಟರು ಪಿತ್ತ ಅಂದರು. ಕೊನೆಗೆ ಪಕ್ಕದ ಮನೆ ಅಜ್ಜಿ ತಮ್ಮ ಶುಗರ್ ನೋಡಿಕೊಳ್ಳುವ ಗ್ಲುಕೋಮೀಟರ್ ತಂದು ಅಮ್ಮನ ಬೆರಳಿಗೆ ಚುಚ್ಚಿದರು. 38 ತೋರಿಸಿತು, ತೀರಾ ಕಡಿಮೆ. ಶುಗರ್ ಕಾಯಿಲೆಯೇ ಇಲ್ಲದವಳಿಗೆ!

ಅದು ಇನ್ಸುಲಿನೋಮ. ಮೇದೋಜ್ಜೀರಕದಲ್ಲಿ ಕೂತು, ಹೊಟ್ಟೆ ಖಾಲಿಯಿದ್ದರೂ ಸಕ್ಕರೆ ಇಳಿಸುವ ಇನ್ಸುಲಿನ್ ಸುರಿಸುತ್ತಲೇ ಇರುವ ಗಡ್ಡೆ. ಖಚಿತ ಮಾಡಿಕೊಳ್ಳಲು ಆಸ್ಪತ್ರೆಯಲ್ಲೇ 72 ಗಂಟೆ ಉಪವಾಸ ಇಡುತ್ತಾರೆ. ‘ಏಕಾದಶಿ ಮಾಡಿದವಳಿಗೆ ಇದೇನು ಮಹಾ’ ಅಂತ ಮಂಚ ಹತ್ತಿದ ಅಮ್ಮ ಹನ್ನೊಂದನೇ ಗಂಟೆಗೇ ತೊದಲತೊಡಗಿದಳು. ಆಗ ತೆಗೆದ ರಕ್ತದಲ್ಲಿ ಸಕ್ಕರೆ ಪಾತಾಳದಲ್ಲಿತ್ತು, ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ (ದೇಹ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಹುಟ್ಟುವ ವಸ್ತು) ಮಾತ್ರ ಇಳಿದೇ ಇರಲಿಲ್ಲ. ಆಪರೇಷನ್‌ನಲ್ಲಿ ಸಿಕ್ಕಿದ್ದು 1.4 ಸೆಂ.ಮೀ. ಗಡ್ಡೆ, ನಮ್ಮ ಪರಿಷೆಯಲ್ಲಿ ಮಾರುವ ದಪ್ಪ ಕಡಲೆಕಾಯಿಯ ಒಂದು ಬೀಜದಷ್ಟು. ಕ್ಯಾನ್ಸರ್ ಆಗಿರಲಿಲ್ಲ. ಆದರೂ ಆಳನ್ನು ಕೆಡವಿತ್ತು.

ಅದಕ್ಕೇ ಹೇಳುತ್ತೇನೆ, ಈ ಗಡ್ಡೆಗಳ ವಿಷಯದಲ್ಲಿ ‘ಕ್ಯಾನ್ಸರಾ?’ ಅನ್ನುವುದರ ಜೊತೆಗೇ ‘ಏನನ್ನಾದರೂ ಸುರಿಸುತ್ತಿದೆಯಾ?’ ಅಂತಲೂ ಕೇಳಬೇಕು.

ಮೆದುಳಿನ ಬುಡದ ಪಿಟ್ಯುಟರಿಯಲ್ಲಿ ಬರುವವು ಬಹುಪಾಲು ಹರಡುವುದಿಲ್ಲ. ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಸುರಿಸಿದರೆ ಮುಟ್ಟು ನಿಲ್ಲುತ್ತದೆ, ಬಸಿರಿಲ್ಲದೆ ಹಾಲು ಬರುತ್ತದೆ. ಇದಕ್ಕೆ ಹೆಚ್ಚಾಗಿ ಕ್ಯಾಬರ್ಗೋಲಿನ್ ಮಾತ್ರೆಯೇ ಸಾಕು. ಬೆಳವಣಿಗೆಯ ಹಾರ್ಮೋನು ಸುರಿಸಿದರೆ ಉಂಗುರ ಬಿಗಿಯಾಗುತ್ತದೆ, ಚಪ್ಪಲಿ ಸೈಜು ಏರುತ್ತದೆ. ವರ್ಷಗಳ ಹಿಂದಿನ ಮದುವೆ ಫೋಟೋ ಪಕ್ಕಕ್ಕಿಟ್ಟು ನೋಡಿದಾಗಲೇ ಮುಖ ಬದಲಾದದ್ದು ಗೊತ್ತಾಗುವುದು. ಥೈರಾಯ್ಡ್ ಗಂಟುಗಳಲ್ಲಿ ಹೆಚ್ಚಿನವು ನಿರಪಾಯ. ಕ್ಯಾನ್ಸರ್ ಆದರೂ ಪ್ಯಾಪಿಲರಿ ಅನ್ನುವ ಬಗೆಯೇ ಜಾಸ್ತಿ, ಅದು ಚೆನ್ನಾಗಿ ವಾಸಿಯಾಗುವಂಥದ್ದು. ಮೆಡುಲ್ಲರಿ ಅನ್ನುವ ಬಗೆಯಾದರೆ ಮಾತ್ರ ಮನೆಮಂದಿಯ ವಂಶವಾಹಿ ಪರೀಕ್ಷೆಯ ಮಾತು ಬರುತ್ತದೆ. ಥೈರಾಯ್ಡ್ ಹಿಂದಿನ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಯ ಗಡ್ಡೆ ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ, ಅದರಿಂದ ಕಿಡ್ನಿ ಕಲ್ಲೂ ಆಗಬಹುದು. ನಿಮ್ಮ ತಂದೆಗೆ ಕಲ್ಲು ಪದೇಪದೇ ಆಗುತ್ತಿದ್ದರೆ ಕ್ಯಾಲ್ಸಿಯಂ ಒಮ್ಮೆ ನೋಡಿಸಿ, ಖರ್ಚೇನೂ ದೊಡ್ಡದಲ್ಲ. ಇನ್ನು ಕರುಳು, ಶ್ವಾಸಕೋಶದಲ್ಲಿ ಚದುರಿದ ಹಾರ್ಮೋನು ಕಣಗಳಿಂದ ಏಳುವ ನ್ಯೂರೋಎಂಡೋಕ್ರೈನ್ ಗಡ್ಡೆಗಳು ಹರಡಬಲ್ಲವು. ಕರುಳಿನವುಗಳ ವೇಗವನ್ನು ಅಳೆಯುವುದು ಬಯಾಪ್ಸಿಯ ಕೆಐ-67 ಅಂಕಿಯಿಂದ (ನೂರಕ್ಕೆ ಎಷ್ಟು ಕಣಗಳು ಒಡೆದು ಹೆಚ್ಚುತ್ತಿವೆ ಅನ್ನುವ ಲೆಕ್ಕ): 3%ಗಿಂತ ಕಡಿಮೆಯಿದ್ದರೆ ನಿಧಾನ, 20% ದಾಟಿದರೆ ಜೋರು.

ಈಗ ನಿಮ್ಮ ತಂದೆಯ ಅಡ್ರಿನಲ್. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಹೀಗೆ ಕಣ್ಣಿಗೆ ಬೀಳುವವುಗಳಲ್ಲಿ ಹೆಚ್ಚಿನವು ಏನನ್ನೂ ಸುರಿಸದ, ಹರಡದ ಗಡ್ಡೆಗಳು. ಆದರೂ ಮೂರು ವಿಷಯ ನೋಡಲೇಬೇಕು. ರಾತ್ರಿ 1 ಮಿ.ಗ್ರಾಂ. ಡೆಕ್ಸಾಮೆಥಸೋನ್ ಮಾತ್ರೆ ಕೊಟ್ಟು ಬೆಳಿಗ್ಗೆ ಕಾರ್ಟಿಸೋಲ್ ಅನ್ನುವ ಅಡ್ರಿನಲ್ ಹಾರ್ಮೋನು ಇಳಿದಿದೆಯಾ ಅಂತ ಅಳೆಯುತ್ತಾರೆ. ಬಿ.ಪಿ. ಇದ್ದರೆ ಅಥವಾ ಪೊಟ್ಯಾಸಿಯಂ ಇಳಿದಿದ್ದರೆ ಬಿ.ಪಿ.ಗೆ ಸಂಬಂಧಿಸಿದ ಆಲ್ಡೋಸ್ಟಿರೋನ್, ರೆನಿನ್ ನೋಡುತ್ತಾರೆ. ಮೂರನೆಯದು ಮೆಟಾನೆಫ್ರಿನ್ ಪರೀಕ್ಷೆ, ಅಂದರೆ ಅಡ್ರಿನಲಿನ್‌ನಂಥ ಹಾರ್ಮೋನು ಸುರಿಸುವ ಫಿಯೋಕ್ರೋಮೊಸೈಟೋಮ (ಚಿಕ್ಕದಾಗಿ ಫಿಯೋ) ಗಡ್ಡೆ ಹೌದೋ ಅಲ್ಲವೋ ಅನ್ನುವುದು. ತಲೆನೋವು, ಬೆವರು, ಎದೆ ಡವಡವ ಮೂರೂ ಒಟ್ಟಿಗೆ ಬಂದು ಹೋಗುತ್ತವಾ ಅಂತ ತಂದೆಯನ್ನು ಕೇಳಿ. ಫಿಯೋ ಗಡ್ಡೆಯನ್ನು ಮುಟ್ಟಿದರೆ ಬಿ.ಪಿ. ಚಿಮ್ಮಿ ಜೀವಕ್ಕೇ ಕುತ್ತು ಬರಬಹುದು. ಆದ್ದರಿಂದ ಮೆಟಾನೆಫ್ರಿನ್ ರಿಪೋರ್ಟ್ ಬರುವ ಮುಂಚೆ ಯಾರೇ ‘ಸೂಜಿ ಹಾಕಿ ನೋಡೋಣ’ ಅಂದರೂ ಒಪ್ಪಬೇಡಿ. ಫಿಯೋ ಆಗಿದ್ದರೆ ಮೊದಲು ಆಲ್ಫಾ ಬ್ಲಾಕರ್ ಮಾತ್ರೆ ಕೊಟ್ಟು ಬಿ.ಪಿ. ಹದಕ್ಕೆ ತಂದೇ ಆಪರೇಷನ್ ಮಾಡುವುದು.

ಸರ್ಜನ್ ಹತ್ತಿರ ಓಡುವ ಮೊದಲು ಒಬ್ಬ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಹತ್ತಿರ ಹೋಗಿ. ಸಿ.ಟಿ. ರಿಪೋರ್ಟ್‌ನಲ್ಲಿ ‘ಎಚ್.ಯು.’ ಅನ್ನುವ, ಗಡ್ಡೆಯ ಸಾಂದ್ರತೆ ತೋರಿಸುವ ಅಂಕಿ ಇದೆಯಾ ನೋಡಿ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧ) ಇಲ್ಲದೆ ತೆಗೆದ ಸ್ಕ್ಯಾನ್‌ನಲ್ಲಿ ಗಡ್ಡೆಯೆಲ್ಲ ಒಂದೇ ಸಮನಾಗಿದ್ದು ಅಂಕಿ 10 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಕೊಬ್ಬು ತುಂಬಿದ ನಿರಪಾಯದ ಗಡ್ಡೆ ಅಂತ ಲೆಕ್ಕ. ಅಂಕಿ ಬರೆದಿಲ್ಲದಿದ್ದರೆ ಸ್ಕ್ಯಾನ್ ಸೆಂಟರಿಗೇ ವಾಪಸ್ ಹೋಗಿ ಕೇಳಿ. ಚಿತ್ರ ಅವರ ಕಂಪ್ಯೂಟರ್‌ನಲ್ಲಿ ಇದ್ದರೆ ಅಳೆದು ಬರೆದುಕೊಡುತ್ತಾರೆ.