ಒಬ್ಬಳೇ ಹಾಡಿದರೆ ಶ್ರುತಿ ತಪ್ಪುವವಳು ಕ್ವಾಯರ್ ಸೇರಬಹುದಾ?

"ಒಬ್ಬಳೇ ಹಾಡಿದರೆ ಶ್ರುತಿ ತಪ್ಪುತ್ತೆ, ನೊಟೇಶನ್ (ಹಾಳೆಯಲ್ಲಿ ಬರೆದ ಸ್ವರಲಿಪಿ) ಓದೋಕೆ ಬರಲ್ಲ. ಹವ್ಯಾಸಿ ಕ್ವಾಯರ್ (ಹಲವರು ಸೇರಿ ಹಾಡುವ ತಂಡ) ಒಂದು ಐದು ತಿಂಗಳಲ್ಲಿ ಕಾರ್ಯಕ್ರಮ ಕೊಡುತ್ತಂತೆ, ನನ್ನನ್ನೂ ಕರೆದಿದ್ದಾರೆ. ಹೋಗಲಾ? ಒಳಗೆ ನಿಜಕ್ಕೂ ಹೇಗಿರುತ್ತೆ?" ಅಂತ ಕೇಳಿದ್ದೀರಿ.

ಹೋಗಿ. ಶ್ರುತಿ ತಪ್ಪುತ್ತಿದೆ ಅಂತ ನಿಮಗೆ ಗೊತ್ತಾಗುತ್ತಿದೆಯಲ್ಲ, ಶುರುಮಾಡಲು ಅಷ್ಟು ಸಾಕು. ನಾನು ಸೇರಿದಾಗ ನನಗೆ ಅದೂ ಗೊತ್ತಾಗುತ್ತಿರಲಿಲ್ಲ. ಸ್ವರ ಮೇಲೆ ಹೋಯಿತೋ ಕೆಳಗೆ ಬಂತೋ ಅನ್ನುವುದೇ ಕಿವಿಗೆ ತಿಳಿಯದವರು ಇದ್ದಾರೆ, ಆದರೆ ತೀರಾ ಕಡಿಮೆ ಜನ. ಮಿಕ್ಕವರಿಗೆಲ್ಲ ಅಭ್ಯಾಸ ಇಲ್ಲ ಅಷ್ಟೇ. ಈಗ ಏಳು ವರ್ಷದಿಂದ ಆಲ್ಟೊ, ಅಂದರೆ ತಗ್ಗಿನ ದನಿಯ ಹೆಂಗಸರ ಸಾಲಿನಲ್ಲಿ, ಎಡಗಡೆಯಿಂದ ಮೂರನೆಯವಳಾಗಿ ನಿಲ್ಲುತ್ತಿದ್ದೇನೆ.

ಮೊದಲ ದಿನ ಹೆದರಬೇಡಿ. ಕೆಲವು ತಂಡಗಳಲ್ಲಿ ಪರೀಕ್ಷೆ ಇರುತ್ತದೆ, ಬಹಳಷ್ಟು ಹವ್ಯಾಸಿ ತಂಡಗಳಲ್ಲಿ ಇರುವುದಿಲ್ಲ. ಸುಮ್ನೆ ಕೀಬೋರ್ಡ್ ಪಕ್ಕ ನಿಲ್ಲಿಸಿ ಒಂದೊಂದೇ ಸ್ವರ ಒತ್ತುತ್ತಾರೆ, ನೀವು ಆ ಅಂತ ಹಿಂಬಾಲಿಸಬೇಕು. ಗಂಟಲು ಎಲ್ಲಿಯವರೆಗೆ ಏರುತ್ತದೆ, ಎಲ್ಲಿಯವರೆಗೆ ಇಳಿಯುತ್ತದೆ ಅಂತ ನೋಡಿ ಸಾಲು ಹೇಳುತ್ತಾರೆ. ಹೆಂಗಸರಲ್ಲಿ ಎತ್ತರದ ದನಿ ಸೊಪ್ರಾನೊ, ತಗ್ಗಿನ ದನಿ ಆಲ್ಟೊ. ಗಂಡಸರಲ್ಲಿ ಅದೇ ಕ್ರಮದಲ್ಲಿ ಟೆನರ್ ಮತ್ತು ಬೇಸ್. ಟೆನರ್‌ಗಳಿಗೆ ಎಲ್ಲ ಕಡೆಯೂ ಬರ. ಯಾರಾದರೂ ಟೆನರ್ ಬಾಗಿಲಲ್ಲಿ ಕಾಣಿಸಿಕೊಂಡರೆ ಅಳಿಯ ಬಂದ ಹಾಗೆ ಉಪಚಾರ ನಡೆಯುತ್ತದೆ. ಎದುರು ನಿಂತು ಕೈಯಾಡಿಸುವವರಿಗೆ ಕಂಡಕ್ಟರ್ ಅಂತ ಹೆಸರು. ನಾವು ಮೇಷ್ಟ್ರು ಅಂತೀವಿ, ಇಲ್ಲದಿದ್ದರೆ ಬಸ್ಸಿನ ನೆನಪಾಗುತ್ತದೆ.

ಆಲ್ಟೊ ಅಂದರೆ ಏನು ಅಂತ ಗೊತ್ತಾಗುವುದು ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವಾಗ. ಹಾಡಿನ ಚಂದದ ಭಾಗ ಹೆಚ್ಚಾಗಿ ಸೊಪ್ರಾನೊಗಳ ಪಾಲಿಗೆ ಹೋಗುತ್ತದೆ. ನಮಗೆ ಬರುವುದು ಒಂದು ಸ್ವರ, ಮತ್ತೆ ಅದೇ ಸ್ವರ, ಇನ್ನೊಮ್ಮೆ ಅದೇ ಸ್ವರ, ಆಮೇಲೆ ಒಂದು ಮೆಟ್ಟಿಲು ಕೆಳಗೆ, ಅಲ್ಲಿಂದ ವಾಪಸ್. ಮೊದಲ ವರ್ಷ ಬಟ್ಟೆ ಮಡಚುತ್ತಾ ಇದನ್ನೇ ಹಾಡಿಕೊಳ್ಳುತ್ತಿದ್ದೆ. ಮಗಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಮ್ಮಾ, ಹಾಡು ಯಾವಾಗ ಶುರುವಾಗುತ್ತೆ?" ಅಂದಳು.

ಶುರುವಾಗುವುದು ನಾಲ್ಕು ಸಾಲೂ ಕೂಡಿದಾಗ. ಒಬ್ಬರು ಸ ಹಿಡಿಯಲಿ, ಇನ್ನೊಬ್ಬರು ಗ, ಮತ್ತೊಬ್ಬರು ಪ. ಮೂವರೂ ಒಟ್ಟಿಗೆ ನಿಲ್ಲಿಸಿ ಹಾಡಿದರೆ ಮೂರು ಸ್ವರ ಅಂತ ಅನ್ನಿಸುವುದೇ ಇಲ್ಲ, ಒಂದೇ ಅಗಲವಾದ ದನಿ ಕೇಳುತ್ತದೆ. ಅದರಲ್ಲಿ ನಡುವಿನ ಗ ಮಾತ್ರ ಒಂದು ಮನೆ, ಅಂದರೆ ಅರ್ಧ ಸ್ವರ, ಕೆಳಗಿಳಿದರೆ ನಗುತ್ತಿದ್ದ ಹಾಡು ಅಳುಮೋರೆ ಹಾಕುತ್ತದೆ. ಎಷ್ಟೋ ಸಲ ಆ ಗ ಇರುವುದು ಆಲ್ಟೊಗಳ ಹತ್ತಿರ. ಇದು ತಿಳಿದ ಮೇಲೆ ನನ್ನ ಬೇಜಾರು ಹೋಯಿತು. ಜಂಬ ಬಂತು ಅಂತಲೂ ಹೇಳಬಹುದು.

ನೊಟೇಶನ್ ವಿಷಯ. ಓದಲು ಬರದವರು ಇಂಥ ತಂಡಗಳಲ್ಲಿ ಬೇಕಾದಷ್ಟು ಇರುತ್ತಾರೆ. ಚುಕ್ಕಿ ಮೇಲೆ ಹೋದರೆ ದನಿ ಮೇಲೆ, ಕೆಳಗೆ ಬಂದರೆ ಕೆಳಗೆ ಅಂತ ಬೆರಳಿಟ್ಟುಕೊಂಡು ಹಿಂಬಾಲಿಸಿ, ಆರು ವಾರದಲ್ಲಿ ಕಣ್ಣು ಪಳಗುತ್ತದೆ. ಇದು ಇವತ್ತಿನ ತೊಂದರೆಯೂ ಅಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಸಾರಾ ಗ್ಲೋವರ್ ಅನ್ನುವ ಶಿಕ್ಷಕಿ, ಚುಕ್ಕಿ ಗೆರೆಗಳ ಬದಲು ಡೊ ರೆ ಮಿ ಅಕ್ಷರಗಳಲ್ಲೇ ಹಾಡು ಬರೆದು ಮಕ್ಕಳಿಗೆ ಕಲಿಸುತ್ತಿದ್ದರು. ಜಾನ್ ಕರ್ವೆನ್ ಅನ್ನುವ ಪಾದ್ರಿ ಅದನ್ನು ತಿದ್ದಿ ಬೆಳೆಸಿ, ಸಂಗೀತ ಕಲಿಯದ ಸಾವಿರಾರು ಜನ ನಾಲ್ಕು ಸಾಲುಗಳಲ್ಲಿ ಹಾಡುವಂತೆ ಮಾಡಿದರು. ಸರಿಗಮದಲ್ಲಿ ಬರೆದುಕೊಂಡು ಹಾಡುವ ಹಾಗೇ ಅಲ್ವಾ? ಈಗಂತೂ ಪ್ರತಿ ಸಾಲಿಗೂ ರೆಕಾರ್ಡಿಂಗ್ ಸಿಗುತ್ತದೆ. ನಿಮ್ಮ ಸಾಲು ಜೋರಾಗಿ, ಮಿಕ್ಕ ಮೂರು ಮೆಲ್ಲಗೆ. ದಿನಾ ಹತ್ತು ನಿಮಿಷ ಕೇಳಿ. ವಾರಕ್ಕೊಮ್ಮೆ ಎರಡು ಗಂಟೆ ಕೇಳಿದರೆ ಪ್ರಯೋಜನ ಕಡಿಮೆ.

ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಪೆನ್ ಬೇಡ, ಮೇಷ್ಟ್ರು ಮುಂದಿನ ವಾರ ಮನಸ್ಸು ಬದಲಾಯಿಸುತ್ತಾರೆ. ಉಸಿರು ತೆಗೆದುಕೊಳ್ಳುವ ಕಡೆ ಒಂದು ಕಾಮಾ. ಮೇಷ್ಟ್ರ ಕೈ ನೋಡಲೇಬೇಕಾದ ಕಡೆ ಒಂದು ಕನ್ನಡಕದ ಚಿತ್ರ, ಎರಡು ಸೊನ್ನೆ ನಡುವೆ ಒಂದು ಗೆರೆ. ಇದು ಎಷ್ಟೋ ಕ್ವಾಯರ್‌ಗಳಲ್ಲಿ ನಡೆದುಬಂದ ಗುರುತು. ನನ್ನ ಪಕ್ಕದಲ್ಲಿ ನಿಲ್ಲುವ ಅಕ್ಕನ ಪುಸ್ತಕ ನೋಡಿದರೆ ಕನ್ನಡಕದ ಅಂಗಡಿ.

ಅಭ್ಯಾಸದ ಸಂಜೆ ಹೊರಗಿನವರು ನೋಡಿದರೆ ನಗುತ್ತಾರೆ. ಮೊದಲ ಹತ್ತು ನಿಮಿಷ ತುಟಿ ಅದುರಿಸಿ ಬ್ರ್‌ರ್‌ರ್ ಅನ್ನುವುದು, ಬಾಯಿ ಮುಚ್ಚಿ ಗುಂಯ್‌ಗುಡುವುದು, ಹೆಗಲು ತಿರುಗಿಸುವುದು. ದೊಡ್ಡ ದೊಡ್ಡ ಹುದ್ದೆಯವರೂ ಬ್ರ್‌ರ್‌ರ್ ಅನ್ನುತ್ತಾರೆ. ಆಮೇಲೆ ಒಂದೇ ಪುಟವನ್ನು ಇಪ್ಪತ್ತು ಸಲ. ಬೇಸ್‌ಗಳಿಗೆ ಕಲಿಸುವಾಗ ಆಲ್ಟೊಗಳು ಹರಟೆ ಹೊಡೆಯುತ್ತಾರೆ, ಬೈಸಿಕೊಳ್ಳುತ್ತಾರೆ.

ಈಗ ನಿಮ್ಮ ಶ್ರುತಿಯ ಭಯಕ್ಕೆ ಬರುತ್ತೇನೆ. ವಾದ್ಯ ಇಲ್ಲದೆ ಹಾಡುವ ಒಂದು ಹಾಡು ಕಲಿಯುತ್ತಿದ್ದೆವು, ಮೂರು ನಿಮಿಷದ್ದು. ಸೊಗಸಾಗಿ ಮುಗಿಸಿದೆವು, ಒಬ್ಬರ ಮುಖ ಒಬ್ಬರು ನೋಡಿ ಖುಷಿಪಟ್ಟೆವು. ಮೇಷ್ಟ್ರು ಏನೂ ಹೇಳದೆ ಪಿಯಾನೋದಲ್ಲಿ ಕೊನೆಯ ಸ್ವರ ಒತ್ತಿದರು. ನಾವು ಒಂದಿಡೀ ಮನೆ ಕೆಳಗೆ ಬಂದು ನಿಂತಿದ್ದೆವು. ಎಲ್ಲರೂ ಜೊತೆಯಾಗಿ ಜಾರಿದ್ದರಿಂದ ಯಾರಿಗೂ ಗೊತ್ತೇ ಆಗಿರಲಿಲ್ಲ. ಶ್ರುತಿ ಬಿಡುವುದು ಒಬ್ಬರ ತಪ್ಪೇ ಆಗಬೇಕಿಲ್ಲ, ಐವತ್ತು ಜನ ಸೇರಿಕೊಂಡೂ ಬಿಡಬಹುದು. ಇಳಿಯುವಾಗ ಮೆಟ್ಟಿಲು ಸ್ವಲ್ಪ ದೊಡ್ಡದಾಗಿ ಇಳಿಯುತ್ತೇವೆ, ಏರುವಾಗ ಸ್ವಲ್ಪ ಚಿಕ್ಕದಾಗಿ ಏರುತ್ತೇವೆ. ಒಂದೇ ಸ್ವರ ಎಂಟು ಸಲ ಬಂದರೆ ಎಂಟನೆಯದು ಸುಸ್ತಾಗಿ ಕೂತಿರುತ್ತದೆ. ಕೂದಲೆಳೆಯಷ್ಟು ಲೆಕ್ಕ, ಪುಟ ತಿರುವುವ ಹೊತ್ತಿಗೆ ಅರ್ಧ ಸ್ವರ. ಇದಕ್ಕೆ ಮೇಷ್ಟ್ರ ಮದ್ದು ಸರಳವಾಗಿತ್ತು: ಅದೇ ಸ್ವರ ಮತ್ತೆ ಬಂದಾಗ ಅದು ಹೊಸದು, ಸ್ವಲ್ಪ ಮೇಲಿದೆ ಅಂದುಕೊಂಡು ಹಾಡಿ. ಅಲ್ಲಿಂದ ಮುಂದೆ ಜೇಬಿನಿಂದ ಶ್ರುತಿ ನೋಡುವ ಟ್ಯೂನಿಂಗ್ ಫೋರ್ಕ್ ತೆಗೆದು ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿಯುವುದು ಅವರ ಅಭ್ಯಾಸವಾಯಿತು. ಸೆಕೆಂಡಿಗೆ 440 ಕಂಪನ, ಜಗತ್ತೆಲ್ಲ ಹೆಚ್ಚಾಗಿ ಒಪ್ಪಿಕೊಂಡ ಎ ಸ್ವರ. ಆ ಕಬ್ಬಿಣದ ತುಂಡು ಹೊರಬಂದರೆ ನಮಗೆ ಗಂಟಲು ಒಣಗುತ್ತದೆ.

ನಿಜ ಹೇಳಬೇಕೆಂದರೆ ಮೇಷ್ಟ್ರಿಗೆ ತಲೆನೋವು ನಿಮ್ಮಂಥವರಲ್ಲ, ಚೆನ್ನಾಗಿ ಹಾಡುವವರು. ನಮ್ಮಲ್ಲಿ ಒಬ್ಬರು ಬಂದಿದ್ದರು, ಭಾರಿ ಕಂಠ. ಅವರು ಬಾಯಿ ತೆರೆದರೆ ಪಕ್ಕದ ಆರು ಜನ ಹಾಡುವುದನ್ನೇ ಬಿಡುತ್ತಿದ್ದರು. ಪಕ್ಕದವರ ದನಿ ನಿಮಗೆ ಕೇಳಿಸದಿದ್ದರೆ ನೀವು ಜೋರಾದಿರಿ, ನಿಮ್ಮ ದನಿಯೇ ನಿಮಗೆ ಕೇಳಿಸದಿದ್ದರೆ ತೀರಾ ಮೆಲ್ಲಗಾದಿರಿ. ಇಷ್ಟೇ ಅಳತೆ. ಅವರಿಗೆ ಅದು ಕೊನೆಗೂ ಒಗ್ಗಲಿಲ್ಲ, ಎರಡು ತಿಂಗಳಿಗೆ ಹೊರಟರು. ಹೋಗಿದ್ದಕ್ಕೆ ಬೇಸರವಾಯಿತು, ಸಾಲಿಗೆ ಹಾಯೆನಿಸಿತು. ಎರಡೂ ನಿಜ.

ಇನ್ನು ಕೆಲವು ಗುಟ್ಟುಗಳಿವೆ. ಮನುಷ್ಯನ ಉಸಿರು ಸಾಲದಷ್ಟು ಉದ್ದದ ಸ್ವರಗಳನ್ನು ಕ್ವಾಯರ್ ಹೇಗೆ ಹಾಡುತ್ತದೆ ಗೊತ್ತಾ? ಕಳ್ಳ ಉಸಿರು. ಪಕ್ಕದವರು ಉಸಿರು ತೆಗೆಯುವಾಗ ನೀವು ತೆಗೆಯಬಾರದು. ಪದದ ನಡುವೆ ಮೆಲ್ಲಗೆ ದನಿ ಇಳಿಸಿ, ಉಸಿರೆಳೆದು, ಮೆಲ್ಲಗೆ ವಾಪಸ್ ಸೇರಿಕೊಳ್ಳಬೇಕು. ಸರದಿ ತಪ್ಪದಿದ್ದರೆ ಕೇಳುವವರಿಗೆ ಐವತ್ತು ಜನಕ್ಕೂ ಉಸಿರೇ ಬೇಡವೇನೋ ಅನ್ನಿಸುತ್ತದೆ. ಹಾಗೇ ಪದದ ಕೊನೆಯ ಸ್. ಎಲ್ಲರೂ ತಮಗೆ ತೋಚಿದಾಗ ಅಂದರೆ ವೇದಿಕೆಗೆ ಹಾವು ನುಗ್ಗಿದ ಹಾಗೆ. ನಮ್ಮ ಸಾಲಿನಲ್ಲಿ ಸ್ ಅನ್ನುವ ಅಧಿಕಾರ ಅಕ್ಕನಿಗೆ ಮಾತ್ರ. ಮಿಕ್ಕವರು ಸ್ವರ ಮುಗಿಸಿ ಸುಮ್ನೆ ಬಾಯಿ ಮುಚ್ಚುತ್ತೇವೆ.

ಹೋದ ಕಾರ್ಯಕ್ರಮಕ್ಕೆ ಹ್ಯಾಂಡೆಲ್ ಅನ್ನುವ ಸಂಗೀತ ರಚನೆಕಾರ ಯೇಸುವಿನ ಬಗ್ಗೆ ಬರೆದ ದೊಡ್ಡ ಗಾಯನ ಕೃತಿ 'ಮೆಸೈಯಾ'ದಿಂದ ಕೆಲವು ಭಾಗ ಆರಿಸಿದ್ದರು. ಎಲ್ಲರಿಗೂ ಗೊತ್ತಿರುವ ಹಲ್ಲೆಲೂಯ ಅದರೊಳಗಿನದೇ. ಎರಡೂವರೆ ಗಂಟೆಗೆ ಹತ್ತಿರದ ಆ ಇಡೀ ಕೃತಿಯನ್ನು ಹ್ಯಾಂಡೆಲ್ 1741ರಲ್ಲಿ 24 ದಿನಗಳಲ್ಲಿ ಬರೆದು ಮುಗಿಸಿದ. ಅದರಲ್ಲಿ ನಾಲ್ಕು ತುಂಡು ಕಲಿಯಲು ನಮಗೆ ಐದು ತಿಂಗಳು ಬೇಕಾಯಿತು. 1742ರ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಮೊದಲ ಪ್ರದರ್ಶನ. ಜಾಗ ಸಾಲುವುದಿಲ್ಲ ಅಂತ, ಹೆಂಗಸರು ಲಂಗ ಉಬ್ಬಿಸಲು ಒಳಗೆ ಕಟ್ಟುವ ಅಗಲದ ಬಳೆ ಬಿಟ್ಟು ಬನ್ನಿ, ಗಂಡಸರು ಕತ್ತಿ ಬಿಟ್ಟು ಬನ್ನಿ ಅಂತ ಮೊದಲೇ ಕೇಳಿಕೊಂಡಿದ್ದರಂತೆ. ನಮ್ಮ ಸಭೆಗೆ ಅಂಥ ಯೋಚನೆ ಇರಲಿಲ್ಲ, ಮೊದಲೆರಡು ಸಾಲು ನಮ್ಮ ಮನೆಯವರೇ ತುಂಬಿಸಿದ್ದರು.

ಮೂರನೇ ತಿಂಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಗ ಬಿಟ್ಟುಬಿಡೋಣ ಅನ್ನಿಸುತ್ತದೆ. ಹೊಸದರ ಉತ್ಸಾಹ ಮುಗಿದಿರುತ್ತದೆ, ಹಾಡು ಬಾಯಿಗೆ ಬಂದಿರುವುದಿಲ್ಲ. ಕಳೆದ ವಾರ ಸರಿಯಾಗಿದ್ದ ಜಾಗ ಈ ವಾರ ಕುಸಿದಿರುತ್ತದೆ. ನಾಲ್ಕು ಜನ ಚಕ್ಕರ್ ಹೊಡೆಯುತ್ತಾರೆ. ಬಿಡಬೇಡಿ. ಯಾಕೆ ಅಂತ ವಿವರಿಸಲು ನನಗೆ ಬರುವುದಿಲ್ಲ, ಅಲ್ಲಿಂದ ಐದನೇ ವಾರಕ್ಕೋ ಆರನೇ ವಾರಕ್ಕೋ ಒಂದು ಸಂಜೆ ಹಾಡು ತಾನಾಗೇ ನಿಂತುಕೊಳ್ಳುತ್ತದೆ.

ಕಾರ್ಯಕ್ರಮದ ಹಿಂದಿನ ದಿನ ವೇದಿಕೆ ಮೇಲೆ ಪೂರ್ತಿ ರಿಹರ್ಸಲ್. ಅಲ್ಲಿ ಕಲಿತದ್ದೆಲ್ಲ ತಲೆಕೆಳಗಾಗುತ್ತದೆ. ಅಭ್ಯಾಸದ ಕೋಣೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವರು ಈಗ ಅಗಲವಾಗಿ ಹರಡಿರುತ್ತೇವೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಂದರೆ ಹತ್ತು ಮೀಟರ್ ಆಚೆ ಇರುವ ಬೇಸ್‌ಗಳ ದನಿ ನನ್ನ ಕಿವಿಗೆ ಸುಮಾರು 30 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಕೇಳಿಕೊಂಡು ಹಾಡಿದರೆ ತಡವಾಯಿತು. ಐದು ತಿಂಗಳು "ಕೇಳಿ, ಕೇಳಿ" ಅಂದ ಮೇಷ್ಟ್ರು ಅವತ್ತು "ಕೇಳಬೇಡಿ, ನನ್ನ ಕೈ ನೋಡಿ" ಅಂತ ಕಿರುಚುತ್ತಾರೆ. ಕಾಲಿನ ವಿಷಯವೂ ಇದೆ: ಮಂಡಿಯನ್ನು ಬಿಗಿಯಾಗಿ ನೆಟ್ಟಗೆ ಮಾಡಿ ನಿಲ್ಲಬೇಡಿ, ಸ್ವಲ್ಪ ಸಡಿಲ ಇರಲಿ. ಬಿಗಿದುಕೊಂಡು ತುಂಬಾ ಹೊತ್ತು ನಿಂತವರಿಗೆ ತಲೆಸುತ್ತು ಬಂದು ಬಿದ್ದದ್ದುಂಟು.

ಆ ರಿಹರ್ಸಲ್‌ನಲ್ಲಿ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಹಲ್ಲೆಲೂಯದ ಕೊನೆಯಲ್ಲಿ ಆ ಪದ ಒಂದರ ಹಿಂದೊಂದು ಓಡೋಡಿ ಬಂದು ಗಕ್ಕನೆ ನಿಲ್ಲುತ್ತದೆ. ಕಹಳೆ, ನಗಾರಿ, ಹಾಡುವವರು, ಯಾರೂ ಉಸಿರೆತ್ತುವುದಿಲ್ಲ. ಆಮೇಲೆ ಕೊನೆಯ ಹಲ್ಲೆಲೂಯ, ನಿಧಾನವಾಗಿ. ಓಡಿ ಬಂದ ರಭಸಕ್ಕೆ ಯಾರಾದರೂ ಒಬ್ಬರು ಆ ಮೌನದೊಳಗೆ ಕಾಲಿಡುತ್ತಾರೆ ಅಂತ ಹಾಡುವವರಿಗೆಲ್ಲ ಗೊತ್ತು. ಅವತ್ತು ಆ ಒಬ್ಬರು ನಾನು. ಖಾಲಿ ಸಭಾಂಗಣದಲ್ಲಿ ನನ್ನ ಒಂಟಿ "ಹಾ" ಹೋಗಿ ಹಿಂದಿನ ಗೋಡೆಗೆ ಬಡಿದು ವಾಪಸ್ ಬಂತು. ಮೇಷ್ಟ್ರು ಕೈ ಕೆಳಗಿಳಿಸಿ, "ಶ್ರುತಿ ಸರಿಯಾಗಿತ್ತು" ಅಂದರು.

ಆ ರಾತ್ರಿ ಅಲ್ಲಿ ಕನ್ನಡಕ ಬರೆದೆ. ದಪ್ಪವಾಗಿ, ಎರಡು ಸಲ ತಿದ್ದಿ.

ಮರುದಿನ ಸಂಜೆ ಕಪ್ಪು ಬಟ್ಟೆ, ಕಪ್ಪು ಫೈಲು, ಒಣಗಿದ ಬಾಯಿ. ದೀಪ ಹತ್ತಿದರೆ ಮುಂದಿರುವ ಜನ ಕಾಣುವುದಿಲ್ಲ, ಮೇಷ್ಟ್ರು ಮಾತ್ರ. ಮೊದಲ ಹಾಡಿನಲ್ಲಿ ಏನು ಹಾಡಿದೆ ಅಂತ ನೆನಪಿಲ್ಲ. ಹಲ್ಲೆಲೂಯ ಹೊತ್ತಿಗೆ ನಡುಕ ಹೋಗಿತ್ತು. ಓಡೋಡಿ ಆ ಜಾಗಕ್ಕೆ ಬಂದೆವು, ಎಲ್ಲ ನಿಂತಿತು. ಐವತ್ತು ಜನರಲ್ಲಿ ಒಬ್ಬರೂ ಹೆಜ್ಜೆ ತಪ್ಪಲಿಲ್ಲ. ಅಷ್ಟು ತುಂಬಿದ ಮೌನ ನಾನು ಬೇರೆಲ್ಲೂ ಕೇಳಿಲ್ಲ. ಕೇಳುತ್ತಾ ನಿಂತೇ ಬಿಟ್ಟೆ. ಮೇಷ್ಟ್ರ ಕೈ ಬಂತು, ಎಲ್ಲರೂ ಹಾಡಿದರು, ನಾನು "ಲೂ"ದಿಂದ ಸೇರಿಕೊಂಡೆ. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮಗಳಿಗೂ ಗೊತ್ತಾಗಲಿಲ್ಲ.

ಮುಂದಿನ ವಾರ ಪುಸ್ತಕ ವಾಪಸ್ ಕೊಡುವ ಮುಂಚೆ ಪೆನ್ಸಿಲ್ ಗುರುತು ಅಳಿಸಲು ಕೂತಿದ್ದೆ. ಕೊನೆಯ ಪುಟದಲ್ಲಿ ನನ್ನ ದಪ್ಪ ಕನ್ನಡಕದ ಪಕ್ಕ, ಅಕ್ಕನ ಅಕ್ಷರದಲ್ಲಿ, ಚಿಕ್ಕದಾಗಿ ಬರೆದಿತ್ತು: "ಈಗ ಹಾಡೇ."