ಪೆಂಬ್ರೊಲಿಜುಮ್ಯಾಬ್ ನಂತರ ಭೇದಿ: ಮೆಡಿಕಲ್ ಶಾಪ್ ಮಾತ್ರೆ ಸಾಕೇ?

ಪೆಂಬ್ರೊಲಿಜುಮ್ಯಾಬ್ ಎಂಬ ಕ್ಯಾನ್ಸರ್ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ) ಔಷಧದ ಮೂರನೇ ಡೋಸ್ ಆದಮೇಲೆ ತಂದೆಯವರಿಗೆ ಭೇದಿ ಶುರುವಾಗಿದೆ, ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಕೊಡಬಹುದೇ ಅಂತ ಕೇಳಿದ್ದೀರಿ. ದಯವಿಟ್ಟು ಮೊದಲು ಆಂಕಾಲಜಿಸ್ಟ್‌ಗೆ (ಕ್ಯಾನ್ಸರ್ ವೈದ್ಯರಿಗೆ) ಫೋನ್ ಮಾಡಿ. ಇದು ಕೀಮೋ ಭೇದಿಯಂತಲ್ಲ. ಗಡ್ಡೆಯ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನ್ ಮೂಲಕ ಟಿ ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ರಕ್ತಕಣಗಳನ್ನು) ಸುಮ್ಮನಾಗಿಸುತ್ತವೆ. ಈ ಔಷಧ ಆ ತಡೆ ತೆಗೆಯುತ್ತದೆ. ಎಚ್ಚೆತ್ತ ಟಿ ಕೋಶಗಳು ಕೆಲವರಲ್ಲಿ ದೊಡ್ಡ ಕರುಳಿನ ಮೇಲೂ ಬೀಳುತ್ತವೆ. ಲೋಪೆರಮೈಡ್ ಆ ಉರಿಯೂತವನ್ನು ಮರೆಮಾಡುತ್ತದಷ್ಟೇ.

ಮಾಮೂಲಿಗಿಂತ ದಿನಕ್ಕೆ 4–6 ಸಲ ಹೆಚ್ಚಾಗಿದ್ದರೆ ಸಾಮಾನ್ಯವಾಗಿ ಮುಂದಿನ ಡೋಸ್ ತಡೆದು, ಸೋಂಕಿದೆಯೇ ಎಂದು ಮಲ ಪರೀಕ್ಷೆ ಮಾಡಿಸಿ, ಪ್ರೆಡ್ನಿಸೊಲೋನ್ (ಉರಿಯೂತ ಇಳಿಸುವ ಸ್ಟೀರಾಯ್ಡ್) ಶುರುಮಾಡುತ್ತಾರೆ: ದಿನಕ್ಕೆ, ಪ್ರತಿ ಕೆಜಿ ತೂಕಕ್ಕೆ ಸುಮಾರು 1 ಮಿಗ್ರಾಂ. ಭೇದಿ ನಿಂತಿತೆಂದು ಈ ಸ್ಟೀರಾಯ್ಡನ್ನು ನೀವೇ ನಿಲ್ಲಿಸಬೇಡಿ. 4–6 ವಾರಗಳಲ್ಲಿ ನಿಧಾನಕ್ಕೆ ಇಳಿಸದಿದ್ದರೆ ಭೇದಿ ಮರುಕಳಿಸಬಹುದು. ರಕ್ತ, ಜ್ವರ, ತೀವ್ರ ಹೊಟ್ಟೆನೋವು ಇದ್ದರೆ ಅಥವಾ ಮಾಮೂಲಿಗಿಂತ ದಿನಕ್ಕೆ 7 ಸಲ ಅಥವಾ ಅದಕ್ಕೂ ಹೆಚ್ಚಾದರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಇಮ್ಯುನೋಥೆರಪಿ ಆಗಿದೆ ಅಂತ ಅಲ್ಲಿ ಮೊದಲೇ ಹೇಳಿ.