ಕೋಡಿ ಬೆಂಗ್ರೆಯ ಮರಳಲ್ಲಿ ಓಡುತ್ತಿದ್ದ ಹಕ್ಕಿ ಯಾವುದು?

ಪ್ರಶ್ನೆ: ಅರೇಬಿಕಾ ಕೊಯ್ಲು ಮುಗಿಸಿ ಜನವರಿಯಲ್ಲಿ ಉಡುಪಿ ಕಡಲತೀರದ ಕೋಡಿ ಬೆಂಗ್ರೆಗೆ ಹಕ್ಕಿ ನೋಡಲು ಹೋಗಿದ್ದೆವು. ಅಳಿವೆಯ ಮರಳಲ್ಲಿ ಕಂದು ಬೆನ್ನು, ಬಿಳಿ ಹೊಟ್ಟೆಯ ಪುಟ್ಟ ಹಕ್ಕಿಗಳ ಹಿಂಡಿತ್ತು. ನಾನು ಗೊರೂರು ಹಿನ್ನೀರಲ್ಲಿ ನೋಡುವ ಲಿಟಲ್ ರಿಂಗ್ಡ್ ಪ್ಲೋವರ್ ಅಂದೆ. ಒಬ್ಬರು ಕೆಂಟಿಷ್ ಪ್ಲೋವರ್ ಅಂದರು, ಇನ್ನೊಬ್ಬರು ಗ್ರೇಟರ್ ಸ್ಯಾಂಡ್ ಪ್ಲೋವರ್ ಅಂದರು. ಮೂರು ಫೋಟೊ ಕಳಿಸಿದ್ದೇನೆ. ಯಾರು ಹೇಳಿದ್ದು ಸರಿ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಮೂವರದೂ ತಪ್ಪು. ಇದು ಲೆಸರ್ ಸ್ಯಾಂಡ್ ಪ್ಲೋವರ್. ಈಚೆಗೆ ಇದನ್ನು ಸೈಬೀರಿಯನ್, ಟಿಬೆಟನ್ ಎಂದು ಎರಡು ಪ್ರಭೇದ ಮಾಡಿದ್ದಾರೆ. ನಮ್ಮ ಕರಾವಳಿಗೆ ಬರುವುದು ಟಿಬೆಟನ್ ಸ್ಯಾಂಡ್ ಪ್ಲೋವರ್. ಹಳೆಯ ಪುಸ್ತಕಗಳಲ್ಲಿ ಈ ಹೆಸರು ಹುಡುಕಬೇಡಿ.

ಮೊದಲ ಫೋಟೊದಲ್ಲಿ ಹಕ್ಕಿ ಬೆನ್ನು ತಿರುಗಿಸಿ ನಿಂತಿದೆ. ಇಂಥದ್ದನ್ನು ಎಲ್ಲರೂ ಅಳಿಸಿಬಿಡುತ್ತಾರೆ, ಆದರೆ ಅರ್ಧ ಕೆಲಸ ಅದರಲ್ಲೇ ಆಗಿದೆ. ಹಿಂಗತ್ತು ಪೂರ್ತಿ ಕಂದು, ಬಿಳಿ ಪಟ್ಟಿಯೇ ಇಲ್ಲ. ಗೊರೂರಿನ ಹಕ್ಕಿಗೂ ಕೆಂಟಿಷ್‌ಗೂ ಚಳಿಗಾಲದಲ್ಲೂ ಕತ್ತಿನ ಸುತ್ತ ಬಿಳಿ ಪಟ್ಟಿ ಇದ್ದೇ ಇರುತ್ತದೆ. ಅಲ್ಲಿಗೆ ಎರಡು ಹೆಸರು ಹೋದವು.

ಕಷ್ಟ ಇರುವುದು ಗ್ರೇಟರ್ ವಿಷಯದಲ್ಲಿ. ಲೆಸರ್ 18–21 ಸೆಂ.ಮೀ., ಗ್ರೇಟರ್ 22–25 ಸೆಂ.ಮೀ. ಪಕ್ಕಪಕ್ಕ ನಿಂತರೆ ಸರಿ, ಬಯಲು ಮರಳಲ್ಲಿ ಒಂಟಿ ಹಕ್ಕಿಯ ಗಾತ್ರವನ್ನು ನಂಬಬೇಡಿ. ಗ್ರೇಟರ್‌ನ ಕಾಲು ಹಸಿರುಮಿಶ್ರಿತ ಬೂದು, ಲೆಸರ್‌ನದು ಹೆಚ್ಚು ಕಪ್ಪು ಎನ್ನುವುದು ನಿಜ. ಆದರೆ ಅಳಿವೆಯ ಕೆಸರು ಒಣಗಿದರೆ ಕಪ್ಪು ಕಾಲೂ ಬೂದಿಬಣ್ಣಕ್ಕೆ ತಿರುಗುತ್ತದೆ.

ಕೊಕ್ಕು ಅಳೆಯಿರಿ. ಎರಡನೇ ಫೋಟೊದಲ್ಲಿ ಹಕ್ಕಿ ಅರ್ಧ ನಿಮ್ಮ ಕಡೆ ತಿರುಗಿದೆ. ಆ ಕೋನದಲ್ಲಿ ಯಾವ ಕೊಕ್ಕಾದರೂ ಮೋಟಾಗಿ, ದಪ್ಪಗೆ ಕಾಣುತ್ತದೆ. ನಿಮ್ಮ ಸ್ನೇಹಿತರು ಮೋಸಹೋಗಿದ್ದು ಇಲ್ಲೇ. ಮೂರನೆಯದು ನೇರ ಪಕ್ಕನೋಟ. ಅದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ, ಕೊಕ್ಕಿನ ಬುಡದಿಂದ ತುದಿಯವರೆಗಿನ ಉದ್ದವನ್ನು ಕಾಗದದ ಅಂಚಿಗೆ ಗುರುತು ಹಾಕಿಕೊಳ್ಳಿ. ಅದೇ ಅಳತೆಯನ್ನು ಬುಡದಿಂದ ಕಣ್ಣಿನ ಕಡೆಗೆ ಹಿಡಿಯಿರಿ. ಗುರುತು ಕಣ್ಣಿನ ಹಿಂದಿನ ಅಂಚಿನೊಳಗೆ ಅಥವಾ ಅಂಚಿಗೇ ನಿಂತರೆ ಲೆಸರ್. ಸ್ಪಷ್ಟವಾಗಿ ದಾಟಿದರೆ ಗ್ರೇಟರ್ ಇರಬಹುದು. ನಿಮ್ಮದು ಅಂಚನ್ನು ಮುಟ್ಟಿ ನಿಂತಿದೆ. ಟಿಬೆಟನ್ ಹಕ್ಕಿಯ ಕೊಕ್ಕು ತನ್ನ ಸೈಬೀರಿಯನ್ ಸೋದರಿಗಿಂತ ಉದ್ದ, ಹಾಗಾಗಿ ಪೂರ್ವ ಏಷ್ಯಾದಲ್ಲಿ ತೆಗೆದ ಸೈಬೀರಿಯನ್ ಹಕ್ಕಿಯ ಚಿತ್ರ ನೋಡಿ ಹೋಲಿಸಿದವರು ಇದನ್ನು ಗ್ರೇಟರ್ ಎಂದುಬಿಡುತ್ತಾರೆ. ತುದಿಯೂ ನೋಡಿ: ಲೆಸರ್‌ನದು ಮೊಂಡು, ಗ್ರೇಟರ್‌ನದು ಉದ್ದಕ್ಕೆ ಚೂಪಾಗುತ್ತದೆ. ಹಾರುವಾಗ ಗ್ರೇಟರ್‌ನ ಕಾಲ್ಬೆರಳು ಬಾಲದಾಚೆ ಚಾಚಿರುತ್ತದೆ, ಲೆಸರ್‌ನದು ಬಾಲ ದಾಟುವುದು ಕಡಿಮೆ.

ಮುಂದಿನ ಸಲ ಬೆಳಿಗ್ಗೆಯೇ ಹೋಗಿ, ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ಪಡುವಣ ಕಡಲಲ್ಲಿ ಸಂಜೆ ತೆಗೆದ ಫೋಟೊದಲ್ಲಿ ಬರೀ ನೆರಳುಗಳೇ. ಹತ್ತು ಗಂಟೆ ದಾಟಿದರೆ ಮರಳಿನ ಝಳಕ್ಕೆ ಕೊಕ್ಕಿನ ಅಂಚೇ ಕಲಸಿಹೋಗುತ್ತದೆ. ಉಬ್ಬರ ಏರುವ ಹೊತ್ತು ನೋಡಿಕೊಳ್ಳಿ: ಇಳಿತದಲ್ಲಿ ದೂರ ಚದುರಿದ ಹಕ್ಕಿಗಳನ್ನು ನೀರೇ ದಡಕ್ಕೆ ತಳ್ಳಿಕೊಂಡು ಬರುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಿಂದಿನ ವಾರದ ಲೆಕ್ಕ ಹಿಡಿದು ಶಿರಾಡಿ ಘಾಟಿ ಇಳಿಯಬೇಡಿ. ಹಕ್ಕಿಗಳು ಹತ್ತಿರ ಬಂದ ಮೇಲೆ ಅಟ್ಟಿಸಿಕೊಂಡು ಹೋಗದೆ ಕುಳಿತೇ ಇರಿ. ನಾಲ್ಕು ಹೆಜ್ಜೆ ಓಡಿ ನಿಲ್ಲುವುದು ಇವುಗಳ ಚಾಳಿ, ನಿಂತಾಗ ಕ್ಲಿಕ್ಕಿಸಿ.

ಮಾರ್ಚ್ ಕೊನೆಗೆ ಇನ್ನೊಮ್ಮೆ ಹೋದರೆ, ಈ ವಲಸೆ ಹಕ್ಕಿಗಳು ತಮ್ಮ ನೆಲೆಗೆ ವಾಪಸು ಹೊರಡುವ ಮುನ್ನ ಕೆಲವಕ್ಕಾದರೂ ಎದೆ ಇಟ್ಟಿಗೆ ಕೆಂಪಾಗಿ, ಹಣೆ ಕಪ್ಪಾಗುತ್ತಿರುತ್ತದೆ. ಹಣೆಯ ಆ ಕಪ್ಪು ಟಿಬೆಟನ್ ಹಕ್ಕಿಯದೇ ಗುರುತು.